ಹೆಸರಿಗೊಂದು ಸ್ಥಾನ

ಮದುವೆಯ ಮನೆಯಲ್ಲಿ ಮುಯ್ಯಿ ಬರೆಯುವವನ ಕೆಲಸ ನೋಡುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಬಂದವರ ಹೆಸರು, ಊರು, ಕೊಟ್ಟ ಕಾಣಿಕೆ ಇವನ್ನೆಲ್ಲ ಅವನು ಸಾಲಾಗಿ ಬರೆಯಬೇಕು. ಅವಸರದಲ್ಲಿ ಒಂದು ಹೆಸರು ಬಿಟ್ಟುಹೋದರೆ, ಮುಂದೆಂದೋ ಆ ಪುಸ್ತಕವನ್ನು ತೆರೆದವರು ಆ ನೆಂಟನು ಮದುವೆಗೆ ಬಂದೇ ಇರಲಿಲ್ಲವೆಂದು ತಿಳಿಯುತ್ತಾರೆ. ಪಟ್ಟಿ ಮಾಡುವವನ ಹೊಣೆ ಇಂಥದು.

ಅಂತರಜಾಲದಲ್ಲಿರುವ ವಿಕಿಪೀಡಿಯವು ಹಲವರು ಕೂಡಿ ಬರೆಯುವ ವಿಶ್ವಕೋಶ. ಅದು ಇಂಗ್ಲಿಷಿನಲ್ಲಿ 2001ರಲ್ಲಿಯೂ ಕನ್ನಡದಲ್ಲಿ 2003ರಲ್ಲಿಯೂ ಆರಂಭವಾಯಿತು. ಸಂಬಳವನ್ನು ಬಯಸದ ಓದುಗರೇ ಅದರ ಲೇಖಕರು. ಅಲ್ಲಿಯ ಲೇಖನಗಳನ್ನು ಹುಡುಕಿಕೊಳ್ಳಲು ವರ್ಗ ಮತ್ತು ಪಟ್ಟಿ ಎಂಬ ಎರಡು ಏರ್ಪಾಡುಗಳುಂಟು. ವರ್ಗವೆಂಬುದು ಲೇಖನದ ಅಡಿಯಲ್ಲಿ ಅಂಟಿಸುವ ಚೀಟಿ. ಲೇಖನವೇ ಇಲ್ಲದಿದ್ದರೆ ಚೀಟಿಗೆ ಸ್ಥಳವಿಲ್ಲ. ಪಟ್ಟಿಯಾದರೋ ಇನ್ನೂ ಲೇಖನವಿಲ್ಲದವರ ಹೆಸರನ್ನೂ ಹಿಡಿದಿಡಬಲ್ಲದು. ಅಂಥ ಹೆಸರಿಗೆ ಕೊಂಡಿ ಹಾಕಿದರೆ ಅದು ಕೆಂಪು ಬಣ್ಣದಲ್ಲಿ ಕಾಣಿಸಿ, ಬರೆಯಬಲ್ಲವರನ್ನು ಕರೆಯುತ್ತದೆ.

ಸಂಗೀತಗಾರರನ್ನು ಹಿಂದೂಸ್ತಾನಿ, ಕರ್ನಾಟಕ ಎಂಬ ಎರಡು ಗೂಡುಗಳಲ್ಲಿ ಇರಿಸುವುದು ವಾಡಿಕೆ. ಧಾರವಾಡದ ಮಲ್ಲಿಕಾರ್ಜುನ ಮನಸೂರರಿಗಾಗಲಿ ಮೈಸೂರಿನ ವೀಣೆ ದೊರೆಸ್ವಾಮಿ ಅಯ್ಯಂಗಾರರಿಗಾಗಲಿ ಸ್ಥಾನವನ್ನು ಗೊತ್ತುಮಾಡುವುದರಲ್ಲಿ ತೊಡಕಿಲ್ಲ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೂ ಅದರ ನೆರೆಹೊರೆಗೂ ಬಂದಾಗ ಈ ಎರಡು ಗೂಡುಗಳು ಸಾಲುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಹರಪನಹಳ್ಳಿ ಭೀಮವ್ವನು ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಹಾಡುಗಳನ್ನು ರಚಿಸಿದಳು. ಆಕೆಯನ್ನು ಹರಿದಾಸ ಸಾಹಿತ್ಯದ ಪುಟದಲ್ಲಿ ಮಾತ್ರ ಕೂಡಿಸಿದರೆ, ಆ ರಚನೆಗಳು ಹಾಡುವುದಕ್ಕಾಗಿಯೇ ಹುಟ್ಟಿದವೆಂಬ ಸಂಗತಿ ಮರೆಯಾಗುತ್ತದೆ. ಕೂಡ್ಲಿಗಿಗೆ ನೆರೆಯದಾದ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಕಥೆ ಹೇಳುವಾಕೆಯೋ ಗಾಯಕಿಯೋ? ಬಳ್ಳಾರಿಯ ಸುಭದ್ರಮ್ಮ ಮನ್ಸೂರು ನಟಿಯೋ ರಂಗಗೀತೆಗಳ ಗಾಯಕಿಯೋ? 2021ರಲ್ಲಿ ಪದ್ಮಶ್ರೀ ಗೌರವ ಪಡೆದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ನರ್ತಕಿಯೋ ಹಾಡುಗಾರ್ತಿಯೋ? ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಡಮರುಗ ನುಡಿಸುವ ಗೊರವರು ಭಕ್ತರೋ ವಾದ್ಯಗಾರರೋ? ಎರಡೂ ಹೌದು ಎಂಬುದೇ ಸರಿಯಾದ ಉತ್ತರ. ಅಚ್ಚಿನ ಪುಸ್ತಕದಲ್ಲಿ ಒಂದು ಹೆಸರನ್ನು ಹಲವು ಕಡೆ ಮುದ್ರಿಸಲು ಕಾಗದದ ಕೊರತೆಯುಂಟು. ವಿಕಿಪೀಡಿಯದಲ್ಲಿ ಆ ಕೊರತೆಯಿಲ್ಲ. ಒಂದೇ ಲೇಖನಕ್ಕೆ ಹಲವು ಚೀಟಿಗಳನ್ನು ಅಂಟಿಸಬಹುದು. ಆದುದರಿಂದ ಗೂಡಿಗೆ ತಕ್ಕಂತೆ ಕಲಾವಿದರನ್ನು ಕತ್ತರಿಸದೆ, ಕಲಾವಿದರಿಗೆ ತಕ್ಕಂತೆ ಗೂಡುಗಳನ್ನು ಕಟ್ಟುವುದು ನ್ಯಾಯ.

ಊರಿನ ಮೇಲಿಂದ ವಿಂಗಡಿಸುವಾಗಲೂ ಎಚ್ಚರ ಬೇಕು. ಭೀಮವ್ವನ ಕಾಲದಲ್ಲಿ ಹರಪನಹಳ್ಳಿಯು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆಯ ಪಾಲಾಯಿತು; ಅನಂತರ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ಹೊಸದಾಗಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿ ನೆಲೆಸಿತು. ಜಿಲ್ಲೆಯನ್ನೇ ನಂಬಿ ಪಟ್ಟಿ ಮಾಡಿದವನು ಭೀಮವ್ವನನ್ನು ಮತ್ತೆ ಮತ್ತೆ ಮನೆ ಬದಲಿಸುವಂತೆ ಮಾಡಬೇಕಾಗುತ್ತದೆ. ಊರಿನ ಹೆಸರನ್ನು ಮೊದಲು ಬರೆದು, ಅಂದಿನ ಆಡಳಿತವನ್ನೂ ಇಂದಿನ ಜಿಲ್ಲೆಯನ್ನೂ ಜೊತೆಗೆ ತಿಳಿಸಿದರೆ ಈ ಅಲೆದಾಟ ತಪ್ಪುತ್ತದೆ.

ಹೆಸರುಗಳ ಕ್ರಮವೂ ಯೋಚಿಸತಕ್ಕ ವಿಷಯವೇ. ಇಂಗ್ಲಿಷಿನ ಪದ್ಧತಿಯಂತೆ ಕೊನೆಯ ಪದವನ್ನು ಹಿಡಿದು ಜೋಡಿಸಿದರೆ ಭೀಮಸೇನ ಜೋಶಿಯವರು ಮನೆತನದ ಹೆಸರಿನಿಂದಲೂ ಮಲ್ಲಿಕಾರ್ಜುನ ಮನಸೂರರು ಊರಿನ ಹೆಸರಿನಿಂದಲೂ ಸಾಲಿನಲ್ಲಿ ನಿಲ್ಲುತ್ತಾರೆ. ಕನ್ನಡದ ಓದುಗನು ಹುಡುಕುವುದು ಜನರು ಕರೆಯುವ ಹೆಸರನ್ನು. ದರೋಜಿ ಈರಮ್ಮನನ್ನು ಬುರ್ರಕಥಾ ಈರಮ್ಮ ಎಂದೂ ಕರೆಯುತ್ತಾರೆ. ಎಚ್ಚರ ತಪ್ಪಿದರೆ ಒಬ್ಬಾಕೆಯೇ ಇಬ್ಬರಾಗಿ ಪಟ್ಟಿಯಲ್ಲಿ ಕುಳಿತಾಳು. ಹೆಸರು ಎರಡಿದ್ದರೂ ದಾರಿ ಒಂದೇ ಲೇಖನಕ್ಕೆ ಹೋಗಬೇಕು.

ಇಷ್ಟಾದರೂ ಎಲ್ಲಕ್ಕಿಂತ ಗಹನವಾದ ಪ್ರಶ್ನೆಯೊಂದು ಉಳಿಯುತ್ತದೆ. ಯಾರ ಹೆಸರು ಪಟ್ಟಿಗೆ ಸೇರಬೇಕು? ಪ್ರಕಟವಾದ, ನಂಬತಕ್ಕ ಆಧಾರವಿರಬೇಕೆಂಬುದು ವಿಕಿಪೀಡಿಯದ ನಿಯಮ. ಓದುಬರಹವನ್ನೇ ಅರಿಯದ ಹಾಡುಗಾರರಿಗೆ ಈ ನಿಯಮವು ಅನ್ಯಾಯವೆಂದು ಕೆಲವರು ವಾದಿಸಬಹುದು. ಆ ವಾದದಲ್ಲಿ ನೋವಿದೆ, ಸತ್ಯವೂ ಇದೆ. ಆದರೂ ನಿಯಮವನ್ನು ಸಡಿಲಿಸುವುದು ಪರಿಹಾರವಲ್ಲ. ಬೇಕಾದವರು ಬೇಕಾದ ಹೆಸರನ್ನು ಬರೆಯುವ ಪಟ್ಟಿಯಲ್ಲಿ ನಿಜವಾದ ಕಲಾವಿದರ ಹೆಸರಿಗೂ ಬೆಲೆಯುಳಿಯದು. ದರೋಜಿ ಈರಮ್ಮನಿಗೂ ಅಕ್ಷರ ಬರುತ್ತಿರಲಿಲ್ಲ. ಆಕೆಯ ನಾಲಗೆಯ ಮೇಲಿದ್ದ ದೀರ್ಘ ಕಥನಗಳನ್ನು ವಿದ್ವಾಂಸರು ಕೇಳಿ ಬರೆದುಕೊಂಡರು, ಅವು ಅಚ್ಚಾದುವು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಆಕೆಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು. 2014ರಲ್ಲಿ ಆಕೆ ಕಣ್ಮುಚ್ಚಿದರೂ ಹೆಸರು ಅಳಿಯಲಿಲ್ಲ. ಪರಿಹಾರದ ದಾರಿಯನ್ನು ಈ ಉದಾಹರಣೆಯೇ ತೋರಿಸುತ್ತದೆ. ಮೊದಲು ಕೇಳಬೇಕು, ಬರೆದುಕೊಳ್ಳಬೇಕು, ಅಚ್ಚಿಗೆ ತರಬೇಕು; ಪಟ್ಟಿಯ ಮಾತು ಆಮೇಲಿನದು.

ಈ ಕೆಲಸವು ವಿದ್ವಾಂಸರಿಗೆ ಮಾತ್ರ ಮೀಸಲಲ್ಲ. ಊರಿನ ಭಜನೆಯ ಮೇಳದಲ್ಲಿ ಹಾರ್ಮೋನಿಯಂ ನುಡಿಸುವ ಹಿರಿಯರು ಯಾರಿಂದ ಕಲಿತರು, ಅಜ್ಜಿಯು ಹಾಡುವ ಹಾಡು ಯಾವ ಊರಿನಿಂದ ಬಂದಿತು ಎಂದು ವಿನಯದಿಂದ ಕೇಳಿ, ಒಪ್ಪಿಗೆ ಪಡೆದು ಬರೆದುಕೊಳ್ಳುವುದು ವಿದ್ಯಾರ್ಥಿಗಳಿಗೂ ಸಾಧ್ಯ. ಹಾಗೆ ಬರೆದುದೆಲ್ಲವೂ ವಿಶ್ವಕೋಶಕ್ಕೆ ಸೇರಲಾರದು, ಸೇರಬೇಕಾಗಿಯೂ ಇಲ್ಲ. ಆದರೆ ಮುಂದೆ ನಿಜವನ್ನು ಹುಡುಕಿ ಬರುವವನಿಗೆ ಅದು ಮೊದಲ ಮೆಟ್ಟಿಲಾದೀತು. ಹಾಡಿದವರು ಹಾಡಿ ಹೋಗುತ್ತಾರೆ. ಅವರು ಬಂದಿದ್ದರೆಂದು ಬರೆದಿಡುವುದು ಕೇಳಿದವರ ಕರ್ತವ್ಯ.