ಎಣಿಸಿ ತಗೊಳ್ಳಿ

ಹೋದ ಭಾನುವಾರ ಮೊಮ್ಮಗನ ಜೊತೆ ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಕೂತಿದ್ದೆ. "ತಾತ, ಈ ನೀರೆಲ್ಲ ತಮಿಳುನಾಡಿಗೆ ಹೋಗುತ್ತಂತೆ. ಅವರು ನಮಗೆ ಶತ್ರುಗಳಾ?" ಅಂದ.

ಮಕ್ಕಳೇ, ಅವನಿಗೆ ಹೇಳಿದ ಕತೆಯನ್ನೇ ನಿಮಗೂ ಹೇಳುತ್ತೇನೆ.

ನಾನು ಗುಮಾಸ್ತನಾಗಿದ್ದ ಬ್ಯಾಂಕಿನಲ್ಲಿ ಕ್ಯಾಷಿಯರ್ ತಂಜಾವೂರಿನ ಕಡೆಯವರು. ಅವರ ಅಣ್ಣಂದಿರದೂ ಭತ್ತದ ಗದ್ದೆ, ನಮ್ಮದೂ ಭತ್ತದ ಗದ್ದೆ. ಎರಡಕ್ಕೂ ಕಾವೇರಿಯೇ ಗತಿ. ನಮ್ಮ ಆದಿರಂಗನನ್ನು ಬಳಸಿ ಹೋಗುವ ಹೊಳೆಯೇ ತಿರುಚಿರಾಪಳ್ಳಿಯ ಶ್ರೀರಂಗವನ್ನೂ ಬಳಸುತ್ತದೆ. ಅದೂ ನಮ್ಮೂರಿನ ಹಾಗೆ ದ್ವೀಪ. ಮಳೆಯಾದ ವರ್ಷ ನಾವಿಬ್ಬರೂ ಒಂದೇ ಡಬ್ಬಿಯ ಪುಳಿಯೋಗರೆ ತಿನ್ನುತ್ತಿದ್ದೆವು. ಮಳೆ ಕೈಕೊಟ್ಟ ವರ್ಷ ಮಾತಿಲ್ಲದೆ ಪೇಪರ್ ಓದುತ್ತಿದ್ದೆವು.

1991ರ ಡಿಸೆಂಬರ್‌ನಲ್ಲಿ ಕಾವೇರಿ ಗಲಾಟೆಯಾಯಿತು. ರಾಜ್ಯದಲ್ಲಿ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿ ನಡೆಯಿತು. ಕ್ಯಾಷಿಯರ್ ಬ್ಯಾಂಕಿಗೆ ಬರಲಿಲ್ಲ. ಅವರ ಮನೆ ಎರಡೇ ಬೀದಿ ಆಚೆ. ಆದರೂ ನಾನು ಎರಡು ದಿನ ಹೋಗಲಿಲ್ಲ. ನೋಡಿದವರು ಏನೆಂದಾರೋ ಎಂಬ ಹೆದರಿಕೆ. ಮೂರನೆಯ ದಿನ ಹಾಲು, ತರಕಾರಿ ಹಿಡಿದು ಹೋದೆ. ಕಿಟಕಿಯಿಂದ ನೋಡಿದ ಅವರ ಮನೆಯಾಕೆ ಕೂಡಲೇ ಬಾಗಿಲು ತೆಗೆಯಲಿಲ್ಲ. ನನಗೆ ಎಷ್ಟೋ ಸಲ ಕಾಫಿ ಕೊಟ್ಟ ತಾಯಿ ಅವರು. ಆ ಎರಡು ದಿನದ ಸಾಲ ನನ್ನ ಲೆಕ್ಕದಲ್ಲಿ ಇನ್ನೂ ತೀರಿಲ್ಲ.

ಮತ್ತೆ ಕೆಲಸಕ್ಕೆ ಬಂದ ದಿನ, ನಾನು ಕೊಟ್ಟ ನೋಟಿನ ಕಟ್ಟನ್ನು ಅವರು ಎಂದಿನಂತೆ ಎಣಿಸಿದರು. ನನ್ನ ಮುಖ ನೋಡಿ, "ಬೇಜಾರಾ ಸಾರ್? ಎಣಿಸಿದರೆ ತಾನೇ ನಾಳೆಯೂ ಪಕ್ಕದಲ್ಲಿ ಕೂರೋದು!" ಎಂದು ನಕ್ಕರು.

ಹೊಳೆಯ ಲೆಕ್ಕವೂ ಹಾಗೆಯೇ. ಮಳೆ ಸರಿಯಾಗಿ ಆದ ವರ್ಷ ಕರ್ನಾಟಕ 177.25 ಟಿಎಂಸಿ ನೀರು ಬಿಡಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಡಿಯ ಬಿಳಿಗುಂಡ್ಲುವಿನಲ್ಲಿ ಅದನ್ನು ಅಳೆಯುತ್ತಾರೆ. ಮಳೆ ಕಡಿಮೆಯಾದರೆ ಈಗಲೂ ಜಗಳವೇ. ಜಗಳವಾಡಲಿ, ಎಣಿಸಲಿ, ಕೌಂಟರಿನಲ್ಲಿ ನೋಟು ಎಣಿಸಿಕೊಂಡವರೆಲ್ಲ ನಮ್ಮನ್ನು ಕಳ್ಳರೆಂದುಕೊಂಡರೇ?

"ಶತ್ರುಗಳಲ್ಲ ಕಣಪ್ಪಾ, ಪಾಲುದಾರರು," ಎಂದೆ. "ಲೆಕ್ಕ ಕೇಳು, ತಪ್ಪಿಲ್ಲ. ಆದರೆ ಅವರು ಹೆದರಿ ಬಾಗಿಲು ಹಾಕಿಕೊಂಡ ದಿನ ಮೊದಲು ಹೋಗಿ ತಟ್ಟುವವನು ನೀನಾಗು. ನನ್ನ ಹಾಗೆ ಮೂರನೆಯ ದಿನ ಹೋಗಬೇಡ."

"ಈಗ ಅವರೆಲ್ಲಿದ್ದಾರೆ ತಾತ?"

"ಕುಂಭಕೋಣದಲ್ಲಿ. ಆಷಾಢದಲ್ಲಿ ಫೋನ್ ಮಾಡುತ್ತಾರೆ. ಮೊದಲ ಮಾತೇ, ಹೊಳೆ ಬಂತಾ ಸಾರ್, ಅಂತ."

"ನೀನೇನಂತೀಯ?"

"ಬಂತು, ಹೊರಟಿದೆ, ಎಣಿಸಿ ತಗೊಳ್ಳಿ, ಅಂತೀನಿ."