ಹಿಡಿದುಕೊಂಡರೆ ನಷ್ಟವಿಲ್ಲವೇ?

‘ಮಾರುವ ತನಕ ನಷ್ಟವಿಲ್ಲ.’ ಕ್ರಿಪ್ಟೋ ಕುಸಿದಾಗಲೆಲ್ಲ ನಮ್ಮ ಹಾಸ್ಟೆಲಿನಲ್ಲಿ ಕೇಳಿಬರುವ ಈ ಮಾತನ್ನು ನಾನು ಒಪ್ಪುವುದಿಲ್ಲ. ಇದು ಧೈರ್ಯವಲ್ಲ, ಲೆಕ್ಕದಿಂದ ತಪ್ಪಿಸಿಕೊಳ್ಳುವ ಉಪಾಯ.

ಹಾಗೆನ್ನುವವರು ಬಿಟ್‌ಕಾಯಿನನ್ನು ತೋರಿಸುತ್ತಾರೆ. ನಿಜ, 2021ರ ನವೆಂಬರಿನಲ್ಲಿ 69 ಸಾವಿರ ಡಾಲರ್ ಸಮೀಪವಿದ್ದದ್ದು ಮರುವರ್ಷ 16 ಸಾವಿರಕ್ಕಿಂತ ಕೆಳಗಿಳಿದು, 2024ರ ಮಾರ್ಚಿನಲ್ಲಿ ಹಳೆಯ ಎತ್ತರವನ್ನು ದಾಟಿತು. ಆದರೆ ಲೂನಾದ ಹೆಸರನ್ನು ಅವರು ಎತ್ತುವುದಿಲ್ಲ. 2022ರ ಏಪ್ರಿಲಿನಲ್ಲಿ 100 ಡಾಲರ್ ಮೀರಿದ್ದ ಅದು ಮೇ ತಿಂಗಳಲ್ಲಿ ಕೆಲವೇ ದಿನಗಳೊಳಗೆ ಒಂದು ಸೆಂಟಿಗೂ ಬಾಳಲಿಲ್ಲ. ಜೋಡಿ ನಾಣ್ಯ ಯುಎಸ್‌ಟಿಯನ್ನು ಒಂದು ಡಾಲರಿನಲ್ಲಿ ನಿಲ್ಲಿಸಲೆಂದು ಲೂನಾಗಳನ್ನು ಹುಟ್ಟಿಸುತ್ತಲೇ ಹೋಗುವ ವ್ಯವಸ್ಥೆಯೇ ಅದನ್ನು ಮುಳುಗಿಸಿತು. ಬಿಟ್‌ಕಾಯಿನನ್ನಷ್ಟೇ ನೋಡಿ ಬುದ್ಧಿ ಹೇಳುವುದೆಂದರೆ, ದಡ ಸೇರಿದವರನ್ನಷ್ಟೇ ಕೇಳಿ ಹೊಳೆ ಆಳವಿಲ್ಲ ಎಂದ ಹಾಗೆ.

ಶೇ 80 ಬಿದ್ದದ್ದು ಅಸಲು ಮುಟ್ಟಲು ಐದು ಪಟ್ಟಾಗಬೇಕು. ಶೇ 99 ಬಿದ್ದದ್ದು ನೂರು ಪಟ್ಟು. ನಾವು ಕೊಟ್ಟ ಬೆಲೆ ಮಾರುಕಟ್ಟೆಗೆ ಲೆಕ್ಕಕ್ಕಿಲ್ಲ. ಇನ್ನೊಂದು ನಾಣ್ಯದಲ್ಲಿ ಸರಿದೂಗಿಸೋಣವೆಂದರೆ, ನಮ್ಮಲ್ಲಿ 2022ರ ಏಪ್ರಿಲಿನಿಂದ ಲಾಭಕ್ಕೆ ಶೇ 30 ತೆರಿಗೆ. ಒಂದರ ನಷ್ಟವನ್ನು ಮತ್ತೊಂದರ ಲಾಭದಲ್ಲಿ ಕಳೆಯುವಂತಿಲ್ಲ.

ಹಾಗಾಗಿ ‘ಅಸಲು ಯಾವಾಗ ಬರುತ್ತದೆ?’ ಎಂದು ಕೇಳಬೇಡಿ. ‘ಇವತ್ತು ಇಷ್ಟೇ ನಗದು ಕೈಯಲ್ಲಿದ್ದರೆ ಇದನ್ನೇ ಕೊಳ್ಳುತ್ತಿದ್ದೆನೇ?’ ಎಂದು ಕೇಳಿಕೊಳ್ಳಿ. ಇಲ್ಲವೆಂದಾದರೆ, ನೀವು ಹಿಡಿದುಕೊಂಡಿರುವುದು ನಾಣ್ಯವನ್ನಲ್ಲ, ಹಟವನ್ನು. ಫೆಲೋಶಿಪ್ ತಡವಾದ ತಿಂಗಳು ಮೆಸ್ ಬಿಲ್ಲು ಆ ಹಟವನ್ನು ಕಾಯುವುದಿಲ್ಲ.