ಗಾಂವ್‌ದೇವಿಯ ನೆಲದಲ್ಲಿ ನಾವು

ಊರಿನ ದೈವಕ್ಕೆ ಕೋಲವೆಂದರೆ, ಮಾರಿಗೆ ಪೂಜೆಯೆಂದರೆ, ಡೊಂಬಿವಲಿಯ ಕನ್ನಡಿಗ ರಜೆ ಹಾಕಿ ರೈಲು ಹತ್ತುತ್ತಾನೆ. ಬಿಟ್ಟುಬಂದ ನೆಲದೊಡನೆ ನಮ್ಮನ್ನು ಕಟ್ಟಿಹಾಕಿರುವ ಹಗ್ಗ ಅದು. ಆದರೆ ನಾವು ದಶಕಗಳಿಂದ ಬಾಳುತ್ತಿರುವ ಈ ನೆಲಕ್ಕೂ ಒಬ್ಬ ಕಾವಲು ದೇವತೆಯಿದ್ದಾಳೆ. ಅವಳ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಠಾಣೆಯಲ್ಲಿ ಗಾಂವ್‌ದೇವಿ ಎಂಬುದು ಬಹುಮಂದಿಗೆ ಒಂದು ಮೈದಾನದ ಹೆಸರು. ಡೊಂಬಿವಲಿಯಲ್ಲಿ ರಿಕ್ಷಾದವನಿಗೆ ಹೇಳುವ ಗುರುತು. ಕಲ್ಯಾಣ ಪೂರ್ವದ ತಿಸ್‌ಗಾಂವ್‌ನಲ್ಲಿ ಆಕೆ ತಿಸಾಯಿ. ಆಗ್ರಿ, ಕೋಳಿ ಜನರಿಗೆ ಆಕೆ ಗದ್ದೆ, ಖಾರಿ, ದೋಣಿಗಳನ್ನು ಕಾಯ್ದ ತಾಯಿ. ಜಾತ್ರೆಯ ದಿನ ಪಲ್ಲಕ್ಕಿ ಹೊರಟಾಗ, ಬಹುಮಹಡಿ ಕಟ್ಟಡಗಳ ನಡುವೆ ಕರಗಿದಂತೆ ಕಾಣುವ ಹಳ್ಳಿ ಮತ್ತೆ ಎದ್ದುನಿಲ್ಲುತ್ತದೆ.

ಆ ಹಳ್ಳಿ ಕರಗಿದ್ದು ತಾನಾಗಿಯೇ ಅಲ್ಲ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು. ನವಿ ಮುಂಬಯಿಗಾಗಿ 95 ಹಳ್ಳಿಗಳ ಭೂಮಿ ಸ್ವಾಧೀನಕ್ಕೊಳಗಾಯಿತು. ಗದ್ದೆಗಳೂ ಉಪ್ಪಿನಾಗರಗಳೂ ಹೋದವು. ಗಾಂವ್‌ಠಾಣಗಳ ಮನೆಗಳೂ ಗುಡಿಗಳೂ ಉಳಿದವು. 1984ರ ಜನವರಿಯಲ್ಲಿ ದಿ. ಬಾ. ಪಾಟೀಲರ ಮುಂದಾಳ್ತನದಲ್ಲಿ ಉರಣ್ ತಾಲೂಕಿನ ಜಾಸಯಿ ಪರಿಸರದಲ್ಲಿ ರೈತರು ಬೀದಿಗಿಳಿದರು. ಪೊಲೀಸರ ಗುಂಡಿಗೆ ಐವರು ಬಲಿಯಾದರು. ಕಳೆದುಕೊಂಡ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಮರಳಿಸುವ ಯೋಜನೆ ಆ ಹೋರಾಟದ ಫಲ. ಮುಂದೆ ವಿಮಾನ ನಿಲ್ದಾಣಕ್ಕಾಗಿ ಚಿಂಚ್‌ಪಾಡಾ, ಕೋಲ್ಹಿ, ಕೋಪರ್ ಮೊದಲಾದ ಹತ್ತು ವಸತಿಗಳು ನೆಲ ಬಿಟ್ಟವು.

ಕರಾವಳಿಯಿಂದ ಬಂದ ನಮ್ಮವರಿಗೆ ಈ ಕಥೆ ಹೊಸದಲ್ಲ. ನವಮಂಗಳೂರು ಬಂದರಿಗಾಗಿ ಪಣಂಬೂರಿನ ಜನ ಮನೆಮಠ ತೊರೆದು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆ ಕಾಣಬೇಕಾಯಿತು. ಮನೆಗೆ ಪರಿಹಾರ ಕಟ್ಟಬಹುದು. ತಲೆತಲಾಂತರದಿಂದ ನಂಬಿದ ಕಲ್ಲಿಗೂ ಬನಕ್ಕೂ ಬೆಲೆ ಕಟ್ಟುವುದು ಹೇಗೆ? ಜಪಾನಿನಲ್ಲೂ ಈ ಪ್ರಶ್ನೆ ಎದ್ದಿತ್ತು. 1906ರಿಂದ ಅಲ್ಲಿಯ ಸರಕಾರ ಹಳ್ಳಿಗಳ ಕಾವಲು ದೇವರ ಗುಡಿಗಳನ್ನು ಒಗ್ಗೂಡಿಸಲು ಹೊರಟಾಗ ಸಾವಿರಾರು ಗುಡಿಗಳು ಇಲ್ಲವಾದವು. ಗುಡಿಯೊಡನೆ ದೇವರ ಕಾಡೂ, ಊರವರ ಒಗ್ಗಟ್ಟೂ ಅಳಿಯುತ್ತವೆಂದು ಅದನ್ನು ವಿರೋಧಿಸಿದವನು ಮಿನಾಕಾತಾ ಕುಮಾಗುಸು ಎಂಬ ಜೀವವಿಜ್ಞಾನಿ.

ಹೊಟ್ಟೆಪಾಡಿಗೆ ಬಂದ ನಾವು ಯಾರ ಗದ್ದೆಯನ್ನೂ ಕಸಿದವರಲ್ಲ, ಬೆವರು ಸುರಿಸಿ ದುಡಿದ ಹಣದಿಂದ ಮನೆ ಕೊಂಡವರು ಎಂಬ ಮಾತು ಬರಬಹುದು. ಅದು ನಿಜವೇ. ಇಲ್ಲಿ ಕೇಳುತ್ತಿರುವುದು ಪ್ರಾಯಶ್ಚಿತ್ತವನ್ನಲ್ಲ, ಪರಿಚಯವನ್ನು. ದೇವರನ್ನು ನಂಬದವರೂ ಇದಕ್ಕೆ ಹೊರತಲ್ಲ. ಗಾಂವ್‌ದೇವಿಯನ್ನು ಅರಿಯುವುದೆಂದರೆ ಆಕೆಯ ಜನರನ್ನು ಅರಿಯುವುದು.

ಆದ್ದರಿಂದ ನಮ್ಮ ಸಂಘಗಳು ಯಕ್ಷಗಾನ, ರಾಜ್ಯೋತ್ಸವಗಳ ಜೊತೆಗೆ ಇನ್ನೊಂದು ಕೆಲಸವನ್ನೂ ಕೈಗೆತ್ತಿಕೊಳ್ಳಲಿ. ತಮ್ಮ ಬಡಾವಣೆಯ ಅಡಿಯಲ್ಲಿರುವ ಹಳ್ಳಿಯ ಹೆಸರು, ದೇವತೆ, ಜಾತ್ರೆಯ ತಿಥಿಗಳನ್ನು ಹಿರಿಯ ಆಗ್ರಿ, ಕೋಳಿ ಜನರಿಂದ ಕೇಳಿ ಕನ್ನಡದಲ್ಲಿ ಬರೆದಿಡಲಿ. ಕೇಳಿ ಬರೆದುಕೊಳ್ಳುವ ಮಾತು ಮರಾಠಿಯದಾಗಿರಲಿ, ಅವರ ಆಗ್ರಿಯದಾಗಿರಲಿ. ಅಷ್ಟರ ಮಟ್ಟಿಗೆ ನಮ್ಮ ಕಿವಿ ಪಳಗೀತು. ಊರ ಜಾತ್ರೆಗೆ ಟಿಕೆಟ್ ಕಾದಿರಿಸುವ ನಮ್ಮ ಮಕ್ಕಳಿಗೆ, ನಡೆದು ಹೋಗಬಹುದಾದ ಇನ್ನೊಂದು ಜಾತ್ರೆಯೂ ತಿಳಿದಿರಲಿ.